ಮುದನೂರಿನ ಮಗ್ಗ

ಆತ್ಮವಿಚಾರವೆಂದೊಡನೆ ನಮ್ಮ ಮನಸ್ಸು ಗುಹೆಯನ್ನೋ ಅರಣ್ಯವನ್ನೋ ನೆನೆಯುವುದು. ಮನೆವಾರ್ತೆಯಲ್ಲಿ ಮುಳುಗಿದವರಿಗೆ ಅದು ಎಟುಕದೆಂಬ ಭಾವನೆ ಬಲವಾಗಿರುವುದು. ಇದು ಎಷ್ಟರಮಟ್ಟಿಗೆ ನಿಜವೆಂದು ಅರಿಯಬಯಸುವ ವಾಚಕರು ಯಾದಗಿರಿಯ ಸೀಮೆಯಲ್ಲಿ ಒಮ್ಮೆ ಸಂಚರಿಸಬೇಕು.

ಯಾದಗಿರಿಯಲ್ಲಿ ರೈಲಿನಿಂದಿಳಿದು, ಬೆಟ್ಟದ ಮೇಲಣ ಕೋಟೆಯನ್ನು ನೋಡಿ, ಭೀಮಾನದಿಯನ್ನು ದಾಟಿದರೆ ಶಹಾಪುರದ ದಾರಿ. ಅಲ್ಲಿಯ ಬೆಟ್ಟಸಾಲು ಒಂದು ಕಡೆಯಿಂದ ಅಂಗಾತ ಮಲಗಿದ ಪುರುಷನಂತೆ ತೋರುವುದು. ಜನರು ಅದನ್ನು ಮಲಗಿದ ಬುದ್ಧನೆನ್ನುವರು. ನಿಂತ ಸ್ಥಳ ಬದಲಾದರೆ ಪುರುಷನು ಮಾಯವಾಗಿ ಬಂಡೆಗಳು ಮಾತ್ರ ಉಳಿಯುವುವು. ದೇಹವನ್ನೇ ‘ನಾನು’ ಎಂದು ಬಗೆಯುವ ನಮ್ಮ ನೋಟವೂ ಇಂತಹುದೇ ಅಲ್ಲವೆ?

ಮುಂದೆ, 1858ರಲ್ಲಿ ಆಂಗ್ಲರನ್ನು ಎದುರಿಸಿದ ರಾಜಾ ವೆಂಕಟಪ್ಪ ನಾಯಕನ ಸುರಪುರ. ಈ ಸೀಮೆಯ ಮುದನೂರೇ ನಮ್ಮ ಯಾತ್ರೆಯ ಗುರಿ. ಬಸವಣ್ಣನವರಿಗಿಂತ ಹಿಂದಿನವರೆಂದು ಹಲವು ವಿದ್ವಾಂಸರು ಎಣಿಸುವ ನೇಕಾರ ವಚನಕಾರ ದೇವರ ದಾಸಿಮಯ್ಯನವರ ಹುಟ್ಟೂರಿದು. ಇಲ್ಲಿಯ ರಾಮನಾಥನ ಹೆಸರೇ ಅವರ ವಚನಗಳ ಅಂಕಿತ.

ದಾಸಿಮಯ್ಯನವರು ಮೊದಲು ಅಡವಿಯಲ್ಲಿ ಕಠಿನವಾದ ತಪಸ್ಸನ್ನಾಚರಿಸಿದರೆಂದೂ, ಶಿವನು ಪ್ರತ್ಯಕ್ಷನಾಗಿ ದೇಹದಂಡನೆಯನ್ನು ಬಿಡಿಸಿ ಅವರನ್ನು ದುಡಿಮೆಗೆ ಹಿಂದಿರುಗಿಸಿದನೆಂದೂ ಐತಿಹ್ಯ. ಹೆಣ್ಣು ಗಂಡೆಂಬ ಭೇದವು ದೇಹದ್ದು, ಒಳಗಿನ ಆತ್ಮದ್ದಲ್ಲ ಎಂದು ಸಾರಿದವರು ಮಗ್ಗವನ್ನು ಬಿಡದ ಈ ಗೃಹಸ್ಥರೇ. ಮಡದಿ ದುಗ್ಗಳೆಯೂ ವಚನಗಳನ್ನು ರಚಿಸಿದಾಕೆ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು ಪಾಯಸ ಮಾಡೆಂದಾಗ, ಆಕೆ ಕಬ್ಬಿನ ರಸದಲ್ಲಿಯೇ ಅಕ್ಕಿಯನ್ನು ಬೇಯಿಸಿ, ಸಿಪ್ಪೆಯನ್ನೇ ಉರುವಲಾಗಿಸಿದಳೆಂದು ಕಥೆ. ಅಕ್ಕಿಯಿಂದ ಮರಳನ್ನು ಬೇರ್ಪಡಿಸುವ ವಿವೇಕವೂ ಆತ್ಮದಿಂದ ದೇಹವನ್ನು ವಿಂಗಡಿಸುವ ವಿವೇಕವೂ ಒಂದೇ ಜಾತಿಯವು.

ನಮ್ಮ ಕಾಲಕ್ಕೆ ಸಮೀಪದವರಾದ ತಿರುವಣ್ಣಾಮಲೆಯ ರಮಣ ಮಹರ್ಷಿಗಳು (1879–1950) ಬೋಧಿಸಿದುದೂ ಈ ವಿಚಾರವನ್ನೇ. ಅದಕ್ಕಾಗಿ ಮನೆಯನ್ನು ತೊರೆಯಬೇಕೆಂದು ಅವರು ಗೃಹಸ್ಥರಿಗೆ ವಿಧಿಸಲಿಲ್ಲ. ಕ್ರಮವು ಸರಳ. ಕೋಪ ಬಂದಾಗ ‘ಇದು ಯಾರಿಗೆ?’ ಎಂದು ಕೇಳಿಕೊಳ್ಳಬೇಕು. ‘ನನಗೆ’ ಎಂದು ತೋರಿದರೆ ‘ಆ ನಾನು ಯಾರು?’ ಎಂದು ಅದರ ಮೂಲದತ್ತ ತಿರುಗಬೇಕು. ಇದು ಮಂತ್ರದಂತೆ ಜಪಿಸತಕ್ಕ ಮಾತಲ್ಲ. ಗಮನವನ್ನು ಒಳಮುಖ ಮಾಡುವ ಉಪಾಯ.

ಸೊಸೆಯ ಕೈಯಿಂದ ಹಾಲು ಉಕ್ಕಿ ಚೆಲ್ಲಿತೆನ್ನಿ. ಕಟುವಾದ ಮಾತು ನಾಲಗೆಯ ತುದಿಗೆ ಬಂದಿರುವುದು. ಆ ಕ್ಷಣದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಂಡ ಅತ್ತೆಯು ಮನೆಯ ಶಾಂತಿಯನ್ನು ಉಳಿಸುವಳು, ತನ್ನನ್ನೂ ಕಂಡುಕೊಳ್ಳುವಳು. ಮಗ್ಗದಲ್ಲಿ ಲಾಳಿಯು ಅತ್ತಿತ್ತ ಓಡುತ್ತಿದ್ದರೂ ಹಾಸಿನ ನೂಲು ನೆಲೆ ತಪ್ಪದು. ದಿನದ ಕೆಲಸಗಳು ಲಾಳಿಯಂತೆ ಓಡಲಿ, ‘ನಾನು ಯಾರು?’ ಎಂಬ ಎಚ್ಚರವು ಹಾಸಿನಂತೆ ನಿಲ್ಲಲಿ.