ತಗೋ, ಕೊಡು

ರಿಮೋಟ್ ವಿಮಾನಗಳ ಹವ್ಯಾಸ ಇರುವವರ ನಡುವೆ 'ಟ್ರೈನರ್' ಅನ್ನುವುದು ಅಷ್ಟೇನೂ ಮರ್ಯಾದೆಯ ಹೆಸರಲ್ಲ. ಮೊದಲ ವರ್ಷ ಎಲ್ಲರೂ ಅದರಲ್ಲೇ ಕೈ ಪಳಗಿಸಿಕೊಳ್ಳುತ್ತಾರೆ. ಆಮೇಲೆ ಯುದ್ಧವಿಮಾನದ ಮಾದರಿಯನ್ನೋ, ಪಲ್ಟಿ ಹೊಡೆಯುವ ವಿಮಾನವನ್ನೋ ಕೊಂಡು ಇದನ್ನು ಅಟ್ಟಕ್ಕೆ ಹಾಕುತ್ತಾರೆ, ಮಕ್ಕಳ ಮೂರು ಗಾಲಿ ಸೈಕಲ್ಲಿನ ಹಾಗೆ. ಪುಣೆಗೆ ಬಂದ ಹನ್ನೊಂದು ವರ್ಷಗಳಲ್ಲಿ ನಾನು ಇಂಥ ಆರು ಟ್ರೈನರುಗಳನ್ನು ಅಟ್ಟದಿಂದ ಇಳಿಸಿ ದುರಸ್ತಿ ಮಾಡಿದ್ದೇನೆ. ವಾರವಿಡೀ ಹಿಂಜವಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನಿಗೆ ಶನಿವಾರ ಬಂದರೆ ಅಂಟು, ಉಪ್ಪುಕಾಗದ, ಮರದ ಪುಡಿ ಬೇಕೆನಿಸುತ್ತದೆ. ಆರರಲ್ಲಿ ಮೂರು ಇಂಜಿನಿಯರಿಂಗ್ ಓದುವ ಹುಡುಗರ ಪಾಲಾದವು. ಒಂದರ ಎಂಜಿನ್ ಕಿತ್ತು, ಮೂತಿಗೆ ಸೀಸ ತುಂಬಿ, ಕಾಮಶೇತ್ ಕಡೆಯ ಗುಡ್ಡದ ಗಾಳಿಯಲ್ಲಿ ತೇಲುವ ಗ್ಲೈಡರ್ ಮಾಡಿದೆ. ಇನ್ನೊಂದು ಬಿಡಿಭಾಗಗಳಿಗೆ ಹೋಯಿತು. ಈಗ ಬರೆಯುತ್ತಿರುವುದು ಆರನೆಯದರ ಬಗ್ಗೆ.

ಟ್ರೈನರನ್ನು ದೂರದಿಂದಲೇ ಗುರುತಿಸಬಹುದು. ರೆಕ್ಕೆ ಹೊಟ್ಟೆಯ ಕೆಳಗಿರುವುದಿಲ್ಲ, ಬೆನ್ನ ಮೇಲಿರುತ್ತದೆ. ರೆಕ್ಕೆ ಹೀಗೆ ಮೇಲಿರುವುದರಿಂದ ಓಲಾಟ ಕಡಿಮೆ. ರೆಕ್ಕೆಯ ಕೆಳಮೈ ಹೆಚ್ಚುಕಡಿಮೆ ಚಪ್ಪಟೆ, ಹಾಗಾಗಿ ನಿಧಾನಕ್ಕೆ ಹೋದರೂ ಬೀಳದೆ ತೇಲುತ್ತದೆ. ಎದುರಿನಿಂದ ನೋಡಿದರೆ ಎರಡೂ ರೆಕ್ಕೆಗಳ ತುದಿ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ಇದೇ ಮುಖ್ಯ. ವಿಮಾನ ಒಂದು ಕಡೆಗೆ ವಾಲಿದಾಗ ಅದು ಆ ಕಡೆಗೇ ಜಾರತೊಡಗುತ್ತದೆ. ಜಾರುವಾಗ ತಗ್ಗಿದ ರೆಕ್ಕೆಗೆ ಗಾಳಿ ಹೆಚ್ಚು ಓರೆಯಾಗಿ ಬಡಿದು, ಅದೇ ಮೇಲೇಳುತ್ತದೆ. ಅಂದರೆ ಹಾರಿಸುವವನು ಗಾಬರಿಯಾಗಿ ಕೈಬಿಟ್ಟರೂ ವಿಮಾನ ಕೆಲವು ಸೆಕೆಂಡಿನಲ್ಲಿ ತಾನೇ ನೆಟ್ಟಗಾಗುತ್ತದೆ. ರೆಕ್ಕೆಯನ್ನು ಸ್ಕ್ರೂ ಹಾಕಿ ಬಿಗಿಯುವುದಿಲ್ಲ, ಹತ್ತು ಹನ್ನೆರಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ನೆಲಕ್ಕೆ ಬಡಿದಾಗ ಬ್ಯಾಂಡು ಜಾರಿ ರೆಕ್ಕೆ ಕಳಚಿಕೊಳ್ಳಲಿ, ಮುರಿಯದಿರಲಿ ಅಂತ.

ಆರನೆಯ ವಿಮಾನ ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿರುವ ಕಾಕಾ ಅವರದು. ಎಪ್ಪತ್ತೆಂಟು ವರ್ಷ. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಹುಟ್ಟಿದ್ದು ಗಡಹಿಂಗ್ಲಜ ಕಡೆ, ಆದ್ದರಿಂದ ಮನೆಯಲ್ಲಿ ಮರಾಠಿಯಾದರೂ ನನ್ನ ಜೊತೆ ಗಡಿಯ ಕನ್ನಡ. ಗದಗಿನಿಂದ ಬಂದ ನನಗೆ ಲಿಫ್ಟಿನಲ್ಲಿ ಮೊದಲ ಸಲ ಅದು ಕಿವಿಗೆ ಬಿದ್ದಾಗ ಊರಿನ ಬಸ್‌ಸ್ಟ್ಯಾಂಡಿಗೆ ಬಂದು ಇಳಿದ ಹಾಗಾಗಿತ್ತು. ಕಾಲೇಜಿನಲ್ಲಿ ಎನ್‌ಸಿಸಿಯ ಏರ್ ವಿಂಗ್ ಸೇರಿ ಏರೋಮಾಡೆಲಿಂಗ್ ಕಲಿತವರು. ಆಗ ಸಿಗುತ್ತಿದ್ದದ್ದು ಕಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಅನ್ನುವ ಪುಟ್ಟ ಎಂಜಿನ್ನು. ಅದನ್ನು ತಂತಿಗೆ ಕಟ್ಟಿ ಸುತ್ತಲೂ ತಿರುಗಿಸುವ ವಿಮಾನಕ್ಕೆ ಹಾಕಿ ಆಡಿದ್ದರಂತೆ. ಆಮೇಲೆ ನೆಂಟರೊಬ್ಬರು ಅಮೆರಿಕದಿಂದ ಬರುವಾಗ ತಂದುಕೊಟ್ಟ ಕಿಟ್ಟಿನಿಂದ, 1988ರಲ್ಲಿ, ಈ ಟ್ರೈನರನ್ನು ಕಟ್ಟಿದ್ದು.

ವಿಮಾನವನ್ನು ನನ್ನ ಬಾಗಿಲಿಗೆ ತಂದವರು ಕಾಕಾ ಅಲ್ಲ, ಅವರ ವಾಚ್‌ಮನ್ ಗೆಳೆಯ. ಕಾಕಾ ಹಿಂದೆ ನಿಂತಿದ್ದರು. "ತಮ್ಮಾ, ಇದನ್ನ ರಿಪೇರಿ ಮಾಡಿ ಯಾರರೆ ಹುಡುಗರಿಗೆ ಕೊಟ್ಟಬಿಡು. ನನ್ನ ಕೈ ಇನ್ನ ನಿಲ್ಲಂಗಿಲ್ಲ" ಅಂದರು. ಕೈ ನಡುಕ ಎರಡು ವರ್ಷದಿಂದ ಹೆಚ್ಚಾಗಿತ್ತು. ಚಹಾದ ಕಪ್ಪನ್ನು ಅರ್ಧ ಮಾತ್ರ ತುಂಬಿಸಿಕೊಳ್ಳುತ್ತಿದ್ದರು. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ಎರಡು ಸಲ ವಾಪಸ್ ಬಂದಿತ್ತು. ಜೀವನವಿಡೀ ಮಿಲಿಮೀಟರಿನ ನೂರನೇ ಒಂದು ಭಾಗ ಅಳೆದ ಕೈ ಅದು.

ಹಳೆಯ ವಿಮಾನದ ಕೆಲಸ ಶುರುವಾಗುವುದು ಸಿಪ್ಪೆ ಸುಲಿಯುವುದರಿಂದ. ಬಾಲ್ಸಾ ಮರದ ಹಂದರದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಇಸ್ತ್ರಿಯಿಂದ ಅಂಟಿಸಿ, ಬಿಗಿ ಮಾಡಿರುತ್ತಾರೆ. ಮೂವತ್ತು ವರ್ಷಕ್ಕೆ ಅದು ಹಪ್ಪಳದಂತೆ ಮುರಿಯುತ್ತದೆ. ಸುಲಿದಾಗ ರೆಕ್ಕೆಯ ಒಳಗೆ, ಅಡ್ಡಪಟ್ಟಿಗಳ ಮೇಲೆ, ಪೆನ್ಸಿಲ್ಲಿನ ಸಣ್ಣ ಅಕ್ಷರಗಳು ಕಂಡವು. ಬಿದ್ದ ದಿನ, ಮುರಿದ ಜಾಗ, ದುರಸ್ತಿಯಾದ ದಿನ. ಎಲ್ಲ ಮರಾಠಿಯಲ್ಲಿ. 1988ರಿಂದ 1996ರವರೆಗೆ ಒಟ್ಟು ಹದಿನಾಲ್ಕು ಸಾಲು. ನಾನು ಹೊಸದಾಗಿ ಕೂರಿಸಿದ ಎರಡು ಪಟ್ಟಿಗಳ ಲೆಕ್ಕವನ್ನು ಅದರ ಕೆಳಗೆ ಕನ್ನಡದಲ್ಲಿ ಬರೆದೆ. ಕಾಕಾ ಕನ್ನಡಕ ಏರಿಸಿ ಓದಿ, "ತಾರೀಖು ಸರಿಯಾಗಿ ಹಾಕು" ಅಂದರು.

ಮೂತಿಯ ಭಾಗದ್ದೇ ದೊಡ್ಡ ತಲೆನೋವು. ಇಂಥ ವಿಮಾನಕ್ಕೆ ಹಾಕುತ್ತಿದ್ದದ್ದು '40' ಎಂಜಿನ್, ಅಂದರೆ 0.40 ಘನ ಇಂಚು, ಸುಮಾರು 6.5 ಸಿಸಿ. ಇಂಧನ ಮೆಥನಾಲ್, ಅದರಲ್ಲಿ ಹರಳೆಣ್ಣೆ. ಉರಿಯದೆ ಉಳಿದ ಎಣ್ಣೆ ವರ್ಷಗಟ್ಟಲೆ ಮರಕ್ಕೆ ಇಳಿದಿರುತ್ತದೆ, ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಬಿಸಿಗಾಳಿ ಹಿಡಿದು ಎಣ್ಣೆಯನ್ನು ಮೇಲೆ ಬರಿಸಿ, ಮೆಕ್ಕೆಜೋಳದ ಹಿಟ್ಟು ಉದುರಿಸಿ, ಅದು ಹೀರಿಕೊಂಡ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಅದನ್ನೇ ಮಾಡಬೇಕು. ನಾಲ್ಕು ಶನಿವಾರ ಹಿಡಿಯಿತು. ಮನೆಯೆಲ್ಲ ಅಜ್ಜಿ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯ ವಾಸನೆ. ಹಳೆಯ ಬ್ಯಾಟರಿಯ ತಂತಿ ಒಳಗಿನಿಂದ ಕಪ್ಪಾಗಿ ತುಕ್ಕು ಹಿಡಿದಿತ್ತು. ಅದು ಮೇಲೆ ನೋಡಲು ಚೆನ್ನಾಗಿರುತ್ತದೆ, ಆಕಾಶದಲ್ಲಿ ಕೈಕೊಡುತ್ತದೆ. ತಂತಿಗಳನ್ನೆಲ್ಲ ಕಿತ್ತು ತಪಕೀರ್ ಗಲ್ಲಿಯಿಂದ ಹೊಸವನ್ನು ತಂದೆ.

ಎಂಜಿನ್ ಬದಲು ವಿದ್ಯುತ್ ಮೋಟಾರ್ ಹಾಕುವುದೆಂದು ತೀರ್ಮಾನವಾಯಿತು. ಅದಕ್ಕೆ ಸದ್ದು, ವಾಸನೆಯ ಕಾರಣ ಮಾತ್ರವಲ್ಲ, ಕಾನೂನಿನ ಕಾರಣವೂ ಇದೆ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿ 2 ಕಿಲೋ ಒಳಗಿರುವುದನ್ನು 'ಮೈಕ್ರೊ' ಎನ್ನುತ್ತಾರೆ. ವ್ಯಾಪಾರಕ್ಕಲ್ಲದೆ ಹಾರಿಸಿದರೆ ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಕಾಕಾ ಅವರ ವಿಮಾನ ಎಂಜಿನ್ ಸಮೇತ 2 ಕಿಲೋ 400 ಗ್ರಾಂ ಇತ್ತು. ಅಡಿಗೆಮನೆಯ ತಕ್ಕಡಿಯನ್ನು ಬಾಲ್ಕನಿಗೆ ತಂದು ಒಂದೊಂದು ಗ್ರಾಂ ಇಳಿಸುತ್ತಾ ಹೋದೆವು. ಕೊನೆಗೆ ನಿಂತದ್ದು 1,940ಕ್ಕೆ. ಮೋಟಾರು ಎಂಜಿನ್ನಿಗಿಂತ ಹಗುರ, ಹಾಗಾಗಿ ಮೂತಿ ಮೇಲೇಳುತ್ತದೆ. ತೂಕದ ನಡುಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಮೂರನೇ ಒಂದು ಭಾಗ ದಾಟಬಾರದು. ಅದಕ್ಕೆ ಬ್ಯಾಟರಿಯನ್ನು ಹಿಂದೆ ಇಂಧನದ ಡಬ್ಬಿ ಇದ್ದ ಗೂಡಿಗೇ ತುರುಕಿದೆ.

ಬಾಲ್ಸಾ ಮರದ ಬೆಲೆ ನೋಡಿ ಕಾಕಾ ಬೈದರು. ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುವ ಮರ. ಗಾಳಿಯಂತ್ರಗಳ ರೆಕ್ಕೆಯ ಒಳತಿರುಳಿಗೂ ಇದನ್ನು ಬಳಸುವುದರಿಂದ 2020ರ ಸುಮಾರಿಗೆ ಬೇಡಿಕೆ ಏರಿ ಬೆಲೆಯೂ ಏರಿತು. ಊರಿಗೆ ಹೋಗುವಾಗ ಸಾತಾರೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡರೆ ಈಗ ನನಗೆ ನೆನಪಾಗುವುದು ನಮ್ಮ ಮೂರು ಮಿಲಿಮೀಟರಿನ ಹಲಗೆಯ ಬಿಲ್ಲು.

ಕೆಲಸ ನಡೆಯುವಾಗ ಕಾಕಾ ಸುಮ್ಮನೆ ಕೂರುವವರಲ್ಲ. "ನಿಮ್ಮ ಬೆಂಗಳೂರಾಗ ಮೊದಲ ವಿಮಾನದ ನಕ್ಷಿ ಬರದಾಂವ ನಮ್ಮ ಕೊಲ್ಹಾಪುರದಾಂವ, ಗೊತ್ತೈತಿಲ್ಲೊ?" ಎಂದು ಕೆಣಕುತ್ತಿದ್ದರು. ಮಾತು ಸುಳ್ಳಲ್ಲ. ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಪ್ರಾಂಟಲ್ ಅವರ ಬಳಿ ಓದಿದ ವಿಷ್ಣು ಮಾಧವ ಘಾಟಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ಎಚ್‌ಟಿ-2 ವಿಮಾನ ಮೊದಲು ಹಾರಿದ್ದು 1951ರಲ್ಲಿ. ಸುಮಾರು 170 ತಯಾರಾದವು. ನಮ್ಮ ವಾಯುಪಡೆಗಷ್ಟೇ ಅಲ್ಲ, ಘಾನಾ ದೇಶಕ್ಕೂ ಹೋದವು. ಅದೂ ಟ್ರೈನರೇ. "ಹೌದ್ರೀ ಕಾಕಾ, ಆದರ ಅನ್ನ ಕೊಟ್ಟಿದ್ದು ನಮ್ಮ ಬೆಂಗಳೂರು" ಅಂತ ನಾನೂ ಬಿಡುತ್ತಿರಲಿಲ್ಲ.

ಹೀಗೆ ಮಾತಾಡುವಾಗ ಅವರ ಕೈಯಲ್ಲಿ ಯಾವಾಗಲೂ ಅವರ ಹಳೆಯ ರೇಡಿಯೊ ಇರುತ್ತಿತ್ತು. 72 ಮೆಗಾಹರ್ಟ್ಸಿನ ಫುಟಾಬಾ. ಆಗಿನ ಕಾಲದಲ್ಲಿ ಒಂದೇ ಚಾನೆಲ್ಲಿನಲ್ಲಿ ಇಬ್ಬರು ಹಾರಿಸಿದರೆ ಒಂದು ವಿಮಾನ ಬಿದ್ದಂತೆಯೇ. ಮೈದಾನದ ಹಲಗೆಯಿಂದ ತಮ್ಮ ನಂಬರಿನ ಕ್ಲಿಪ್ಪು ತೆಗೆದುಕೊಂಡವರು ಮಾತ್ರ ಸ್ವಿಚ್ ಹಾಕಬೇಕಿತ್ತು. ಈಗಿನ 2.4 ಗಿಗಾಹರ್ಟ್ಸಿಗೆ ಆ ರಗಳೆ ಇಲ್ಲ. ಬ್ಯಾಟರಿಯೂ ಇಲ್ಲದ ಆ ರೇಡಿಯೊದ ಕೋಲುಗಳನ್ನು ಅವರು ಸುಮ್ಮನೆ ಆಡಿಸುತ್ತಾ ಕೂರುತ್ತಿದ್ದರು. ಮಣಿಕಟ್ಟು ತೊಡೆಯ ಮೇಲೆ ಊರಿ, ಕೋಲನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದಾಗ ನಡುಕ ಕಪ್ಪು ಹಿಡಿದಾಗಿನಷ್ಟು ಇರುತ್ತಿರಲಿಲ್ಲ. ಇದನ್ನು ನೋಡಿದ ಮೇಲೆ ವಿಮಾನವನ್ನು ಹುಡುಗರಿಗೆ ಕೊಡುವ ಯೋಚನೆಯನ್ನು ಮುಂದೆ ಹಾಕಿದೆ.

ಕಲಿಯುವವರಿಗೆಂದು ಒಂದು ವ್ಯವಸ್ಥೆ ಹಿಂದಿನಿಂದಲೂ ಇದೆ. ಎರಡು ರೇಡಿಯೊಗಳ ನಡುವೆ ಒಂದು ಕೇಬಲ್ಲು. ಗುರುವಿನ ರೇಡಿಯೊದಲ್ಲಿ ಒಂದು ಸ್ಪ್ರಿಂಗಿನ ಸ್ವಿಚ್ಚು. ಗುರು ಅದನ್ನು ಹಿಡಿದಷ್ಟು ಹೊತ್ತು ವಿಮಾನ ಶಿಷ್ಯನದು, ಬಿಟ್ಟ ತಕ್ಷಣ ಗುರುವಿನದು. ಕಾಕಾ ಅವರ ಹಳೆಯ ರೇಡಿಯೊದ ಬೆನ್ನಿನಲ್ಲೂ ಆ ಕಿಂಡಿ ಇತ್ತು. ಅದು ಗಾಳಿಗೆ ಸಂಕೇತ ಬಿಡದಂತೆ ಒಳಗಿನ ಕ್ರಿಸ್ಟಲ್ ತೆಗೆದು, ಹೊಸ ಬ್ಯಾಟರಿ ಹಾಕಿ, ಕೇಬಲ್ಲನ್ನು ನನ್ನ ಹೊಸ ರೇಡಿಯೊಗೆ ಜೋಡಿಸಿದೆ. ಕೋಲು ಅವರದೇ, ಬೆರಳಿಗೆ ಗೊತ್ತಿರುವಂಥದ್ದು. ಅದರಿಂದ ಬಂದ ಸಂಕೇತವನ್ನು ಹೊಸ ರೇಡಿಯೊ ತಿದ್ದಿ ವಿಮಾನಕ್ಕೆ ಕಳಿಸುತ್ತದೆ. ಕೋಲು ನಡುವಿನಲ್ಲಿ ಸ್ವಲ್ಪ ಅಲುಗಿದರೆ ರೆಕ್ಕೆಯ ಪಟ್ಟಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ದೂರ ತಳ್ಳಿದರೆ ಮಾತ್ರ ಪೂರ್ತಿ ತಿರುಗುತ್ತದೆ. ಹವ್ಯಾಸಿಗಳು ಇದಕ್ಕೆ 'ಎಕ್ಸ್‌ಪೊ' ಅನ್ನುತ್ತಾರೆ. ಹೊಸಬರ ಗಾಬರಿಯ ಕೈಗೆಂದು ಇರುವ ಈ ಸೌಲಭ್ಯ ನಡುಗುವ ಕೈಗೂ ಆಗುತ್ತದೆ. ಪ್ಲೈವುಡ್ಡಿನ ಒಂದು ತಟ್ಟೆ ಮಾಡಿ ಕೊರಳಿಗೆ ಪಟ್ಟಿ ಹಾಕಿಕೊಟ್ಟೆ. ಮಣಿಕಟ್ಟು ಅದರ ಮೇಲೆ ಊರಲು.

ಕಾಕಾಗೆ ಹೇಳಿದಾಗ ಅವರಿಗೆ ಹಿಡಿಸಲಿಲ್ಲ. "ಅಂದರ ನಾ ಶಿಷ್ಯ, ನೀ ಗುರು?" ಕಾಕುಗೆ ಬೇರೆ ಚಿಂತೆ. ವಿಮಾನ ಬಿದ್ದರೆ ಇವರು ಮೂರು ದಿನ ಊಟ ಬಿಡುತ್ತಾರೆ, ಗೋಡೆಗೆ ತೂಗುಹಾಕಿ ಅಂದರು. ಒಂದು ವಾರ ಕಾಕಾ ನಮ್ಮ ಮನೆ ಕಡೆ ಬರಲಿಲ್ಲ. ಆಮೇಲೆ ಬಂದು ಒಂದು ಷರತ್ತು ಹಾಕಿದರು. "ನಾ 'ತಗೋ' ಅಂದಾಗ ತಗೋ. 'ಕೊಡು' ಅಂದಾಗ ಕೊಡು. ನಡಕ ನಿನ್ನ ಶಾಣ್ಯಾತನ ಬ್ಯಾಡ."

ಪುಣೆಯಲ್ಲಿ ಲೋಹಗಾವ್ ವಾಯುನೆಲೆ ಇದೆ, ಖಡಕವಾಸ್ಲಾದಲ್ಲಿ ಎನ್‌ಡಿಎ ಇದೆ. ಸರ್ಕಾರದ ನಕಾಶೆಯಲ್ಲಿ ಕೆಂಪು, ಹಳದಿ, ಹಸಿರು ನೋಡದೆ ಏನನ್ನೂ ಹಾರಿಸುವಂತಿಲ್ಲ. ನಾವು ಹೋಗುವುದು ಸೋಲಾಪುರ ರಸ್ತೆಯಲ್ಲಿ, ಊರು ದಾಟಿ ಬಹಳ ದೂರ, ಹಸಿರು ಪಟ್ಟಿಯೊಳಗಿರುವ ಒಂದು ಮಾಳಕ್ಕೆ. ಹೊಲದವರ ಒಪ್ಪಿಗೆ ಇದೆ, ಅವರ ಮೊಮ್ಮಕ್ಕಳು ನಮ್ಮ ಪ್ರೇಕ್ಷಕರು.

ನಾನು ಎಬ್ಬಿಸಿ, ಎರಡು ತೆಂಗಿನ ಮರದೆತ್ತರ ದಾಟಿಸಿದೆ. ಕಾಕಾ "ಕೊಡು" ಅಂದರು. ಸ್ವಿಚ್ ಹಿಡಿದೆ. ವಿಮಾನ ಎಡಕ್ಕೆ ದೊಡ್ಡ ಸುತ್ತು ಹಾಕಿ ನಮ್ಮ ಕಡೆಗೆ ತಿರುಗಿತು. ಎದುರು ಬರುವ ವಿಮಾನಕ್ಕೆ ಎಡ-ಬಲ ತಿರುವುಮುರುವಾಗುತ್ತದೆ, ಹೊಸಬರು ಕೆಡವುವುದು ಇಲ್ಲೇ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕೋಲು ತಳ್ಳಬೇಕು. ಕಾಕಾ ಯೋಚಿಸಲಿಲ್ಲ, ಬೆರಳು ತಾನೇ ಹೋಯಿತು. ನಡುಕ ಜೋರಾದಾಗ ಅವರು ಮಾಡಿದ್ದು ನನಗೆ ತೋಚದೇ ಇದ್ದ ಕೆಲಸ. ಎರಡೂ ಕೋಲು ಪೂರ್ತಿ ಬಿಟ್ಟು ಕೈ ಕೊಡವಿಕೊಂಡರು. ವಾಲಿದ್ದ ವಿಮಾನ ತಾನೇ ನೆಟ್ಟಗಾಯಿತು. ಮತ್ತೆ ಹಿಡಿದರು. ಇಪ್ಪತ್ತನೇ ವಯಸ್ಸಿನವನ ಗಾಬರಿಗೆಂದು ರೆಕ್ಕೆಯಲ್ಲಿ ಇಟ್ಟಿದ್ದ ಆ ಕೆಲವು ಸೆಕೆಂಡು ಎಪ್ಪತ್ತೆಂಟರಲ್ಲಿ ಹೀಗೆ ಕೆಲಸಕ್ಕೆ ಬಂತು.

ಆ ದಿನ ಒಂಬತ್ತು ಸಲ "ತಗೋ" ಅಂದರು. ಮೂರನೇ ವಾರ ಇಳಿಸುವುದೂ ತಾವೇ ಎಂದು ಹಟ ಹಿಡಿದು, ಎತ್ತರ ಹೆಚ್ಚುಕಡಿಮೆಯಾಗಿ ವಿಮಾನ ದೊಪ್ಪನೆ ಬಡಿಯಿತು. ರೆಕ್ಕೆ ಹಾರಿ ಎರಡು ಮಾರು ಆಚೆ ಬಿತ್ತು. ಹೋಗಿ ನೋಡಿದರೆ ಮೂರು ರಬ್ಬರ್ ಬ್ಯಾಂಡ್ ತುಂಡಾಗಿದ್ದವು, ಅಷ್ಟೇ. ಐದು ನಿಮಿಷದಲ್ಲಿ ಮತ್ತೆ ಕಟ್ಟಿದೆವು. ಕಾಕಾ ಆ ರಾತ್ರಿ ಊಟ ಬಿಡಲಿಲ್ಲವೆಂದು ಕಾಕು ಮರುದಿನ ಫೋನ್ ಮಾಡಿ ಹೇಳಿದರು.

ಈ ಕೆಲಸದಲ್ಲಿ ನನಗೆ ಕಷ್ಟವಾದದ್ದು ಎಣ್ಣೆ ತೆಗೆಯುವುದಲ್ಲ, ಸ್ವಿಚ್ಚನ್ನು ಹಿಡಿದುಕೊಂಡಿರುವುದು. ವಿಮಾನ ಸ್ವಲ್ಪ ಓಲಾಡಿದರೆ ಬೆರಳು ಸಡಿಲವಾಗಲು ತವಕಿಸುತ್ತದೆ. ವಯಸ್ಸಾದವರ ಕೈಯಿಂದ ಚೆಕ್ಕುಬುಕ್ಕು, ಗಾಡಿಯ ಕೀಲಿ, ಗ್ಯಾಸಿನ ಲೈಟರ್ ನಾವು ತೆಗೆದುಕೊಳ್ಳುವುದು ಪ್ರೀತಿಯಿಂದಲೇ, ಆದರೆ ಅವರು "ತಗೋ" ಅನ್ನುವ ಮೊದಲೇ. ಊರಲ್ಲಿ ಅಪ್ಪ ಅಮ್ಮ ಇರುವ ನಮ್ಮಂಥವರು ಇದನ್ನು ಫೋನಿನಲ್ಲೂ ಮಾಡುತ್ತೇವೆ. ಕಾಕಾ ಅವರ ಲೆಕ್ಕ ಮುಂದೆ ಕಡಿಮೆಯಾಗುವುದಿಲ್ಲ, ಮಳೆ ಮುಗಿದ ಮೇಲೆ ಒಂಬತ್ತು ಹದಿನೈದಾಗಬಹುದು. ಆದರೂ ಎಣಿಸುವವರು ಅವರೇ.

ವಿಜಯಪುರದ ಇಬ್ಬರು ವಿದ್ಯಾರ್ಥಿಗಳು ಈ ವಿಮಾನಕ್ಕಾಗಿ ಕಾದಿದ್ದಾರೆ. ಸಿಗುತ್ತದೆ, ಸ್ವಲ್ಪ ತಡವಾಗಿ. ನಿಮ್ಮ ಪರಿಚಯದವರ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ, ಇಸ್ತ್ರಿಪೆಟ್ಟಿಗೆ, ಮೆಕ್ಕೆಜೋಳದ ಹಿಟ್ಟು, ತಾಳ್ಮೆ ಇವಿಷ್ಟಿದ್ದರೆ ಅದು ಮತ್ತೆ ಹಾರುತ್ತದೆ. ತಂತಿಗಳನ್ನು ಮಾತ್ರ ನಂಬಬೇಡಿ, ಎಲ್ಲ ಬದಲಿಸಿ. ಮತ್ತು ಅದನ್ನು ಕಟ್ಟಿದವರು ಇನ್ನೂ ಇದ್ದರೆ, ಬೇರೆಯವರಿಗೆ ಕೊಡುವ ಮೊದಲು ರೇಡಿಯೊವನ್ನು ಒಂದು ಸಲ ಅವರ ಕೈಗೆ ಕೊಟ್ಟು ನೋಡಿ.