ಕಪಿಲೆಯ ಲೆಕ್ಕ

ನಮ್ಮ ಕೋಲಾರ ಸೀಮೆಯಲ್ಲಿ ಕಪಿಲೆ ಹೊಡೆಯುವುದನ್ನು ಕಣ್ಣಾರೆ ಕಂಡವರಿಗೆಲ್ಲ ಈಗ ತಲೆ ನರೆತಿದೆ. ಬಾವಿಯ ಬಾಯಿಗೆ ಎರಡು ಕಲ್ಲುಕಂಬ, ನಡುವೆ ಮರದ ಗಾಲಿ, ಅದರ ಮೇಲೆ ಹಾದ ಮಿಣಿ. ಮಿಣಿಯ ಒಂದು ತುದಿಗೆ ಬಾನಿ, ಇನ್ನೊಂದಕ್ಕೆ ಜೋಡೆತ್ತಿನ ನೊಗ. ಬಾನಿಯ ತಳದಲ್ಲಿ ಚರ್ಮದ ಸೊಂಡಿಲು. ಬಾವಿಯೊಳಗೆ ಇರುವಷ್ಟು ಹೊತ್ತು ತೆಳುವಾದ ಇನ್ನೊಂದು ಹಗ್ಗ ಅದನ್ನು ಮೇಲಕ್ಕೆ ಮಡಿಚಿ ಹಿಡಿದಿರುತ್ತಿತ್ತು. ಬಾನಿ ಮೇಲೆ ಬಂದದ್ದೇ ತಡ, ಆ ಹಗ್ಗವೇ ಸೊಂಡಿಲನ್ನು ತೊಟ್ಟಿಯತ್ತ ಎಳೆದು ನೀರೆಲ್ಲ ದಬದಬ ಸುರಿಯುತ್ತಿತ್ತು. ಯಾರೂ ಕೈ ಹಾಕಬೇಕಿರಲಿಲ್ಲ.

ಹೈಸ್ಕೂಲಿನಲ್ಲಿ ರಾಟೆಯ ಪಾಠಕ್ಕೆ ನಾನು ಇದನ್ನೇ ಹಿಡಿಯುತ್ತಿದ್ದೆ. ಬಾನಿಯಲ್ಲಿ 120 ಲೀಟರ್ ಅಂದುಕೊಳ್ಳಿ, ಎಂದರೆ 120 ಕಿಲೋ. ಗುರುತ್ವವನ್ನು 10 ಎಂದು ಹಿಡಿದರೆ ಬಲ 1,200 ನ್ಯೂಟನ್. ನೀರು 10 ಮೀಟರ್ ಆಳದಲ್ಲಿದ್ದರೆ ಕೆಲಸ 12,000 ಜೂಲ್. "ಗಾಲಿ ಇದೆಯಲ್ಲ ಸಾರ್, ಎತ್ತಿಗೆ ಭಾರ ಕಮ್ಮಿ ಆಗಲ್ವಾ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಆಗದು. ಸ್ಥಿರ ರಾಟೆ ಎಳೆತದ ದಿಕ್ಕು ಬದಲಿಸುತ್ತದೆ, ಅಷ್ಟೆ. ಬಾನಿಯ ಜೊತೆಗೇ ಮೇಲೇರುವ ಚಲಿಸುವ ರಾಟೆಯೊಂದನ್ನು ಕಟ್ಟಿದರೆ ಬಲವೇನೋ ಅರ್ಧಕ್ಕಿಳಿಯುತ್ತದೆ, ಆದರೆ ಎತ್ತು 10 ಮೀಟರ್ ಬದಲು 20 ಮೀಟರ್ ನಡೆಯಬೇಕು, ಜೂಲ್ ಅಷ್ಟಕ್ಕಷ್ಟೇ. ರೈತನಿಗೆ ದಿಕ್ಕು ಬದಲಾದದ್ದೇ ಲಾಭ. ಎತ್ತುಗಳು ಇಳಿಜಾರಿನಲ್ಲಿ ಮೈಭಾರ ಹಾಕಿ ಎಳೆಯುತ್ತಿದ್ದವು, ಹೊಡೆಯುವವನೂ ಮಿಣಿಯ ಮೇಲೆ ಕೂತುಬಿಡುತ್ತಿದ್ದ. ಅದೂ ಪುಕ್ಕಟೆಯಲ್ಲ: ಹಿಂದಡಿ ಇಡುತ್ತ ಅದೇ ದಿಬ್ಬ ಹತ್ತುವಾಗ ಎತ್ತುಗಳು ಆ ಸಾಲ ತೀರಿಸಬೇಕಿತ್ತು.

ಆಮೇಲೆ ಕರೆಂಟು ಬಂತು. 5 ಎಚ್‌ಪಿ ಮೋಟಾರು ಎಂದರೆ ಸೆಕೆಂಡಿಗೆ 3,730 ಜೂಲ್. ಅರ್ಧ ಪೋಲಾದರೂ ಒಂದು ಬಾನಿ ನೀರಿಗೆ ಆರೇಳು ಸೆಕೆಂಡು ಸಾಕು. ಗಾಲಿ ಸೌದೆಯಾಯಿತು. ನನಗೇನೂ ಬೇಸರವಿಲ್ಲ, ಹೆಗಲು ಹುಣ್ಣಾದ ಎತ್ತನ್ನು ಕಂಡವರು ಕಪಿಲೆ ಮತ್ತೆ ಬರಲಿ ಎನ್ನಲಾರರು.

ಆದರೆ ತೆರೆದ ಬಾವಿಗಳು ಬತ್ತಿದವು, ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು. ಅದೇ 120 ಲೀಟರನ್ನು 300 ಮೀಟರ್ ಆಳದಿಂದ ಎತ್ತಲು 3,60,000 ಜೂಲ್ ಬೇಕು. ಏನೂ ಪೋಲಾಗದಿದ್ದರೂ ಒಂದು ಯೂನಿಟ್ಟಿನ ಹತ್ತರಲ್ಲೊಂದು ಪಾಲು, ಕಪಿಲೆಯ ಕೆಲಸದ 30 ಪಟ್ಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಇದು ರೈತನ ಜೇಬಿಗೆ ತಟ್ಟುವುದಿಲ್ಲ, ಹಾಗಾಗಿ ಯಾರೂ ಲೆಕ್ಕ ಹಾಕುವುದೂ ಇಲ್ಲ. ಈಗಿನ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ಅರಿಕೆ: ರಾಟೆಯ ಪಾಠದ ದಿನ ತಮ್ಮ ತೋಟದ ಬೋರಿನಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ, ಈ ಗುಣಾಕಾರವನ್ನು ಅವರ ಕೈಲೇ ಮಾಡಿಸಿ.