ಪರೇಲಿನ ಗಲ್ಲಿ, ಗೋಡೆ, ಸೇತುವೆ

ಪರೇಲಿನಲ್ಲಿದ್ದೇನೆ ಅಂದರೆ ಊರಿನವರು ಕೇಳುವುದು ಒಂದೇ, "ಟಾಟಾ ಆಸ್ಪತ್ರೆ ಹತ್ತಿರವಾ?" ಹೌದು ಮಾರಾಯ್ರೆ, ಹತ್ತಿರವೇ. ಆದರೆ ಈ 'ಹತ್ತಿರ' ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಿ.ಕಾಂ. ಮುಗಿಸಿ ಬ್ಯಾಂಕಿನ ಕೆಲಸಕ್ಕೆಂದು ಕುಂದಾಪುರದಿಂದ ನಾನು ಬಂದದ್ದು 1990ರಲ್ಲಿ. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದಿದ್ದ ಗಿರಣಗಾಂವ್ ಆಗಲೇ ಅರ್ಧ ಮೌನವಾಗಿತ್ತು. ಮಿಲ್ಲಿನ ಗೋಡೆಗಳು ಮಾತ್ರ ಉದ್ದಕ್ಕೆ ಹಾಗೇ ಇದ್ದವು. ಗೋಡೆ ಎದುರಾದರೆ ಸುತ್ತಿಯೇ ಹೋಗಬೇಕು. ಚಾಳುಗಳ ಕಡೆ ಹಾಗಲ್ಲ, ಒಂದು ಅಂಗಳದಲ್ಲಿ ನುಗ್ಗಿದರೆ ಇನ್ನೊಂದು ಗಲ್ಲಿಯಲ್ಲಿ ಹೊರಬೀಳಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಕೇಳಿದರೂ "ಜೇವಲಾತ್ ಕಾ?", ಊಟ ಆಯ್ತಾ, ಅಷ್ಟೇ!

ಮಿಲ್ಲು ಮುಚ್ಚಿದ ಮೇಲೆ ಗೋಡೆ ಬಿದ್ದು ದಾರಿ ಆಗಬೇಕಿತ್ತು. 1991ರ ನಿಯಮದಂತೆ ಮಿಲ್ ಜಾಗದ ಮೂರನೇ ಒಂದು ಭಾಗ ಪಾಲಿಕೆಗೆ, ಇನ್ನೊಂದು ಮ್ಹಾಡಾಕ್ಕೆ, ಉಳಿದದ್ದು ಮಾಲೀಕರಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ, ಜಾಗಗಳನ್ನೆಲ್ಲ ಒಟ್ಟಾಗಿ ನೋಡಿ ಯೋಜನೆ ಮಾಡಿ ಎಂದಿತ್ತು. ಮಾಡಲಿಲ್ಲ. 2001ರ ತಿದ್ದುಪಡಿಯಲ್ಲಿ ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕು ಅಂತಾಯಿತು. ಮಿಲ್ಲೆಂದರೆ ಬಹುಪಾಲು ಕಟ್ಟಡವೇ ಅಲ್ಲವೇ! ಬ್ಯಾಂಕಿನವನಾದ ನನಗೆ ಇದು ಅಸಲನ್ನು ಬದಿಗಿಟ್ಟು ಚಿಲ್ಲರೆ ಹಂಚಿದ ಹಾಗೆ ಕಾಣುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಆಮೇಲೆ ಒಂದೊಂದು ಮಿಲ್ಲೂ ತನ್ನಷ್ಟಕ್ಕೆ ಟವರ್, ಮಾಲ್, ಆಫೀಸು ಆಯಿತು. ಗೇಟಿನಲ್ಲಿ ವಾಚ್‌ಮನ್, "ಕಿಧರ್ ಜಾನಾ ಹೈ?" ಆಚೆ ರಸ್ತೆಗೆ ಅಂದರೆ ಒಳಗೆ ಬಿಡುವುದಿಲ್ಲ.

ಚಾಳಿನವರು ಡೊಂಬಿವಲಿ, ವಿರಾರ್, ಬದಲಾಪುರ ಸೇರಿದರು. ಮುಂಬಯಿ ಬೆಳೆಯುವುದನ್ನು ನಾನು ನೋಡಿದ್ದು ಬ್ರಾಂಚಿಗೆ ಬರುತ್ತಿದ್ದ ವಿಳಾಸ ಬದಲಾವಣೆಯ ಅರ್ಜಿಗಳಲ್ಲಿ. ಅಷ್ಟು ದೂರದಿಂದ ಆಫೀಸಿಗೆ ಬರುವವರು ಇಳಿಯುವುದು ಮಾತ್ರ ಮಿಲ್ ಕಾಲದ ಸ್ಟೇಶನ್ನುಗಳಲ್ಲೇ. 29 ಸೆಪ್ಟೆಂಬರ್ 2017, ಮಳೆ, ಮರುದಿನ ದಸರಾ. ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ನಾನೂ ದಿನಾ ಹತ್ತಿಳಿಯುತ್ತಿದ್ದ ಮೆಟ್ಟಿಲು ಅದು. ಮರುವರ್ಷ ಸ್ಟೇಶನ್ನಿನ ಹೆಸರು ಪ್ರಭಾದೇವಿ ಆಯಿತು. ಹೊಸ ಪಾದಚಾರಿ ಸೇತುವೆ ಕಟ್ಟಿಕೊಡಲು ಸೈನ್ಯವೇ ಬರಬೇಕಾಯಿತು.

ನಾವಿರುವುದು ಹಳಿಯ ಪಶ್ಚಿಮಕ್ಕೆ. ಕೆ.ಇ.ಎಂ., ಟಾಟಾ ಎರಡೂ ಪೂರ್ವಕ್ಕೆ. ನಡುವೆ ನೂರು ವರ್ಷ ದಾಟಿದ ಎಲ್ಫಿನ್‌ಸ್ಟನ್ ಸೇತುವೆ. ಶಿವಡಿ-ವರ್ಲಿ ಮೇಲ್ರಸ್ತೆಗಾಗಿ ಕೆಡವಲೆಂದು 12 ಸೆಪ್ಟೆಂಬರ್ 2025ರಂದು ಅದನ್ನು ಮುಚ್ಚಿದರು. ಆಂಬುಲೆನ್ಸಾದರೂ ಸರಿ, ಟ್ಯಾಕ್ಸಿಯಾದರೂ ಸರಿ, ದಾದರಿನ ತಿಲಕ್ ಸೇತುವೆಗೋ ಕರಿ ರೋಡ್ ಸೇತುವೆಗೋ ಸುತ್ತಬೇಕಾಯಿತು.

ನಮ್ಮ ಕೆಳಮನೆಯ ಆಜಿ ಮಿಲ್ ಕಾರ್ಮಿಕನ ಹೆಂಡತಿ, ಎಂಬತ್ತರ ಹತ್ತಿರ. ಕೆ.ಇ.ಎಂ.ಗೆ ಹೋಗಲು ಕೋಲೂರಿಕೊಂಡು ಸ್ಟೇಶನ್ನಿನ ಮೆಟ್ಟಿಲು ಹತ್ತತೊಡಗಿದರು. ಒಂದು ದಿನ ನಾನು ಪೇಪರು ಓದಿ ಹೇಳಿದೆ, ಹೊಸ ಸೇತುವೆಗೆ ಎರಡು ಅಂತಸ್ತು ಆಜಿ, ಕೆಳಗಿನದು ನಮ್ಮಂಥವರಿಗೆ, ಮೇಲಿನದು ಅಟಲ್ ಸೇತುವಿನಿಂದ ವರ್ಲಿಗೆ ಹೋಗುವವರಿಗೆ.

"ಹಾಗಾದರೆ ಕೆಳಗಿನದನ್ನು ಮೊದಲು ಮಾಡಲಿಕ್ಕೆ ಹೇಳು" ಅಂದರು.